ಎತ್ತಿನ ಹಾದಿಯ ಉಡುಪು

ಸಂಡೂರಿನ ದೋಣಿಮಲೈ ಸುತ್ತಲಿನ ತಾಂಡಾಗಳಲ್ಲಿ ಕೆಲವು ಹಿರಿಯರನ್ನು ಬಿಟ್ಟರೆ, ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಇಂದು ಪೆಟ್ಟಿಗೆಯಿಂದ ಹೊರಬರುವುದು ಮದುವೆಗೆ, ದೀಪಾವಳಿಗೆ, ತೀಜ್ ಹಬ್ಬಕ್ಕೆ. ಸೀರೆಯ ಫ್ಯಾಷನ್ ಬಂತು, ಹಳೆಯದು ಮೂಲೆ ಸೇರಿತು ಎನ್ನುವ ವಿವರಣೆ ನನಗೆ ಒಪ್ಪಿಗೆಯಿಲ್ಲ. ಈ ಉಡುಪನ್ನು ಬೆಳೆಸಿದ್ದು ಒಂದು ಕಸುಬು. ಮೈಯಿಂದ ಇಳಿಸಿದ್ದು ಆ ಕಸುಬಿನ ಅಳಿವು. ಲಂಬಾಣಿಗಳು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ನಡೆದವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೂ ಧಾನ್ಯ ಒದಗಿಸಿದವರು ಇವರೇ. ನಿಂತ ಮನೆಯಿಲ್ಲದವರಿಗೆ ಆಸ್ತಿ ಇಡಲು ಮೈಯೇ ಜಾಗ. ನಾಣ್ಯ, ಕವಡೆ, ಕನ್ನಡಿ ಪೋಣಿಸಿದ ಆ ಭಾರ ಬರೀ ಅಲಂಕಾರವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿ, ಹೊಸಪೇಟೆ ಕಡೆಗೆ ರೈಲು ಬಂದಾಗ ಹೇರೆತ್ತಿನ ವ್ಯಾಪಾರಕ್ಕೆ ಉಳಿಗಾಲ ತಪ್ಪಿತು. ಉತ್ತರ ಭಾರತದಲ್ಲಿ 1871ರಲ್ಲಿ ಬಂದ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿ, ಅಲೆಯುವವರನ್ನೇ ಅನುಮಾನಿಸಲು ಸರ್ಕಾರಕ್ಕೆ ದಾರಿ ಮಾಡಿಕೊಟ್ಟಿತು. ದೂರದಿಂದಲೇ ಗುರುತು ಹೇಳುವ ಬಟ್ಟೆ ಅಂಥ ಕಾಲದಲ್ಲಿ ಹೊರೆಯೇ. ನೆಲೆನಿಂತ ಮೇಲೆ ಹೊಲದ ಕೂಲಿ, 1977ರಲ್ಲಿ ದೋಣಿಮಲೈ ಗಣಿ ಶುರುವಾದ ಮೇಲೆ ಅದಿರಿನ ಆರ್ಥಿಕತೆ. ಎರಡರಲ್ಲೂ ಆ ಭಾರಕ್ಕೆ ಜಾಗವಿರಲಿಲ್ಲ.

ರುಚಿ ಬದಲಾಗಿದ್ದೂ ನಿಜವಲ್ಲವೇ ಎಂದು ಕೇಳಬಹುದು. ಬದಲಾಗಿದೆ, ಆದರೆ ಬೇಡವಾದ ಬಟ್ಟೆಯನ್ನು ಯಾರೂ ಮಗಳ ಮದುವೆಗಾಗಿ ಕಾಪಿಡುವುದಿಲ್ಲ. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಇಂದು ನಗರಗಳಿಗಾಗಿ ಹೊಲಿಯುವ ಚೀಲ, ದಿಂಬಿನ ಹೊದಿಕೆಗಳಲ್ಲಿ ಹಳೆಯ ಬದುಕಿನ ನೆನಪು ಎಲ್ಲಿದೆ, ಅದು ಬರೀ ಸರಕು ಎನ್ನುತ್ತಾರೆ ಕೆಲವರು. ಆದರೆ ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಈ ಕೈಗಳಿಂದಲೇ. ಉಡುಪು ಮೈಯಿಂದ ಇಳಿದ ಮೇಲೂ ಹೊಲಿಗೆ ಬೆರಳಲ್ಲಿ ಉಳಿಯಿತು, ಉಳಿದದ್ದು ಕೂಲಿಯ ಬಲದಿಂದ. ಇದನ್ನು ಹೀಗಳೆಯುವುದು ಅನ್ಯಾಯ. ನನ್ನನ್ನು ನೋಯಿಸುವುದು ಬೇರೆ ಸಂಗತಿ: ಹಂಪಿಯಲ್ಲಿ ಪ್ರವಾಸಿಗರಿಗೆ ಮಾರಲು ಹಳೆಯ ಕಸೂತಿಯನ್ನೇ ತುಂಡರಿಸಿ ಚೀಲ ಮಾಡಿದಾಗ, ಹೊಲಿದವಳ ಹೆಸರೂ ತಾಂಡಾದ ಹೆಸರೂ ಅಲ್ಲಿಗೇ ಕಳಚಿಬೀಳುತ್ತವೆ. ಹಾಗೆ ಹೋದದ್ದರ ಬದಲಿಗೆ ಹೊಸದನ್ನು ಹೊಲಿದುಕೊಳ್ಳುವುದೂ ಸುಲಭವಲ್ಲ. ಒಂದು ಪೂರ್ಣ ಉಡುಪಿಗೆ ತಿಂಗಳುಗಟ್ಟಲೆ ಕೆಲಸ. ಹೊಟ್ಟೆಪಾಡಿಗೆ ಪರರ ಚೀಲ ಹೊಲಿಯುವವಳಿಗೆ ತನ್ನ ಮಗಳ ಕಾಂಚಳಿಗೆ ಅಷ್ಟು ಬಿಡುವು ಸಿಗುವುದು ಕಷ್ಟ. ಅಜ್ಜಿಯ ಫೇಟಿಯಾದ ಬೆಲೆ ಏರಿದ್ದು ಇದರಿಂದಲೇ.