ನೆಲದ ಮೇಲಿನ ಹೈಪರ್‌ಸಾನಿಕ್ ಶಾಖ: ಬೆಂಗಳೂರಿನಿಂದ ಚಳ್ಳಕೆರೆಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಆಘಾತ ಸುರಂಗವು, ಶಬ್ದದ ವೇಗದ ಐದು ಪಟ್ಟನ್ನು ಮೀರಿದ ಹೈಪರ್‌ಸಾನಿಕ್ ಹರಿವನ್ನು ನೆಲದ ಮೇಲೆಯೇ ಉಂಟುಮಾಡುವ ದೇಶದ ಮೊದಮೊದಲ ಸಾಧನಗಳಲ್ಲೊಂದು. ಅಧಿಕ ಒತ್ತಡದ ಅನಿಲವನ್ನು ತಡೆದಿಟ್ಟ ಲೋಹದ ಪೊರೆ ಹರಿದೊಡನೆ ಆಘಾತ ತರಂಗವು ಕೊಳವೆಯುದ್ದಕ್ಕೂ ಧಾವಿಸಿ, ಅದು ಒತ್ತಿ ಕಾಯಿಸಿದ ಗಾಳಿಯು ಪರೀಕ್ಷಿಸಬೇಕಾದ ವಾಹನದ ಮಾದರಿಯ ಮೇಲೆ ಹಾಯುತ್ತದೆ. ಆದರೆ ಆ ಹರಿವು ಉಳಿಯುವುದು ಸುಮಾರು ಒಂದು ಮಿಲಿಸೆಕೆಂಡು ಮಾತ್ರ. ಮೈಗಿಳಿಯುವ ಶಾಖವನ್ನು ಅಳೆಯಲು ಇಷ್ಟು ಸಾಕಾದರೂ ವಸ್ತುವು ಬೆಂದು ಸವೆಯುವ ಬಗೆಯನ್ನು ಕಾಣಲು ಸಾಲದಾದ್ದರಿಂದ, ವಿದ್ಯುತ್ ಚಾಪದಿಂದ ಗಾಳಿಯನ್ನು ಎಡೆಬಿಡದೆ ಕಾಯಿಸುವ ಪ್ಲಾಸ್ಮಾ ಸುರಂಗವು ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಸ್ಥಾಪನೆಗೊಂಡಿತು.

ಇಂತಹ ಶಾಖವನ್ನು ತಾಳಬೇಕಾದ ವಸ್ತುವಿಗೆ ನಿಜವಾದ ತೊಡಕು ತಾಪಕ್ಕಿಂತ ಹೆಚ್ಚಾಗಿ ಆಮ್ಲಜನಕದ್ದು: ಇಂಗಾಲದ ಎಳೆಗಳನ್ನು ಇಂಗಾಲದಲ್ಲಿಯೇ ಬಂಧಿಸಿದ ಸಂಯೋಜಿತ ವಸ್ತುವು 2000 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬಲ ಉಳಿಸಿಕೊಳ್ಳುವುದಾದರೂ, ಗಾಳಿಯಲ್ಲಿ 500 ಡಿಗ್ರಿಯ ಆಸುಪಾಸಿನಲ್ಲೇ ಉರಿದು ಸವೆಯತೊಡಗುತ್ತದೆ. ಆದುದರಿಂದಲೇ ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ ಲೇಪನವನ್ನು ಹೊದಿಸುತ್ತಾರೆ. ಅದು ಕಾದಾಗ ಗಾಜಿನಂತಹ ಪದರ ಕಟ್ಟಿಕೊಂಡು ಆಮ್ಲಜನಕವನ್ನು ತಡೆಯುತ್ತದೆ.

2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನದ ಮೂತಿಗೆ ಇಂಗಾಲದ ಸಂಯೋಜಿತ ವಸ್ತುವನ್ನೂ ಹೊಟ್ಟೆಯ ಭಾಗಕ್ಕೆ ಸಿಲಿಕಾ ಬಿಲ್ಲೆಗಳನ್ನೂ ಬಳಸಲಾಗಿತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2023ರ ಏಪ್ರಿಲ್ 2ರಂದು ನಡೆದದ್ದು ಮಾತ್ರ ಹೆಲಿಕಾಪ್ಟರಿನಿಂದ ಬಿಟ್ಟ ವಾಹನವನ್ನು ತಾನಾಗಿ ಇಳಿಯಗೊಡುವ ಪ್ರಯೋಗವಾಗಿತ್ತೇ ಹೊರತು ಶಾಖದ ಪರೀಕ್ಷೆಯಲ್ಲ.