ಅಟ್ಟದ ಮೇಲಿನ ಕ್ಯಾಸೆಟ್ಟು: ಮನೆಮನೆಯ ಟಿವಿ ಸಂಗ್ರಹ ನಡೆದು ಬಂದ ದಾರಿ

ಹೆಂಚಿನ ಮನೆ ಬಿಚ್ಚಿ ಮೋಲ್ಡ್ ಹಾಕಿಸುವಾಗ ಮೊದಲು ಖಾಲಿಯಾಗುವುದು ಅಟ್ಟ. ಹುಣಸೂರಿನ ನಮ್ಮ ಮನೆಯ ರಿಪೇರಿ ಶುರುವಾದ ದಿನವೂ ಹಾಗೇ ಆಯಿತು. ತೂತುಬಿದ್ದ ಹಂಡೆ, ಮುರಿದ ತೊಟ್ಟಿಲು, ತಂಬಾಕಿನ ಎಲೆ ಪೋಣಿಸುತ್ತಿದ್ದ ಕಡ್ಡಿಗಳ ಕಟ್ಟು, ಅದರ ಹಿಂದೆ ಗೊಬ್ಬರದ ಚೀಲದೊಳಗೆ ಹನ್ನೊಂದು ವಿಡಿಯೊ ಕ್ಯಾಸೆಟ್ಟು. ಗುಜರಿಯವನು ಪ್ಲಾಸ್ಟಿಕ್ಕಿನ ಲೆಕ್ಕದಲ್ಲಿ ತೂಗಲು ಕೈಚಾಚಿದ. ಮೇಲಿದ್ದ ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅವ್ವನ ಅಕ್ಷರ ಕಂಡಿತು: ‘ರಾಮಾಯಣ. ಭಾನುವಾರ. ಅಳಿಸಬೇಡಿ.’ ಚೀಲವನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡೆ.

ಆಮೇಲೆ ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ನೆಂಟರಿಷ್ಟರ ಮನೆಗಳಲ್ಲಿ ವಿಚಾರಿಸಿದಾಗಲೆಲ್ಲ ಬಂದದ್ದು ಹೆಚ್ಚುಕಡಿಮೆ ಒಂದೇ ಉತ್ತರ: ‘ಇದ್ವು, ಮನೆ ಕಟ್ಟಿಸೋವಾಗ ಎಸೆದ್ವಿ.’ ಇಷ್ಟಪಟ್ಟ ಕಾರ್ಯಕ್ರಮವನ್ನು ಮನೆಯಲ್ಲೇ ಹಿಡಿದಿಟ್ಟುಕೊಳ್ಳುವ ಅಭ್ಯಾಸಕ್ಕೆ ನಮ್ಮ ಸೀಮೆಯಲ್ಲೂ ಒಂದು ಚರಿತ್ರೆಯಿದೆ. ಅದನ್ನು ಬರೆದಿಡುವ ಹೊತ್ತಿಗೆ ಅದರ ಸಾಕ್ಷ್ಯಗಳೇ ಗುಜರಿ ಸೇರುತ್ತಿವೆ.

ಮೊದಲು ದನಿ

ಮೈಸೂರು ಸೀಮೆಗೆ ಪ್ರಸಾರ ಹೊಸದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವಾಟ್‌ನ ಪ್ರೇಷಕ ಇಟ್ಟುಕೊಂಡು ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಅಲ್ಲಿ. ಒಂದು ಮನೆಯಿಂದ ಹೊರಟ ಆ ದನಿಯನ್ನು ಕೇಳಿದವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿತ್ತು, ಅಷ್ಟೆ. ಕೇಳುಗರ ಕೈಯಲ್ಲಿ ಅದನ್ನು ಹಿಡಿದಿಡುವ ಸಾಧನವೇ ಇರಲಿಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದ ಮೇಲೆ ಆ ಸ್ಥಿತಿ ಬದಲಾಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಟೇಪ್ ರೆಕಾರ್ಡರು ಹಳ್ಳಿಯ ಮನೆಗಳಿಗೂ ಬಂತು. ರೇಡಿಯೊದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮಕ್ಕಳ ಬಾಯಿ ಮುಚ್ಚಿಸಿ ಭಾವಗೀತೆ, ನಾಟಕ, ಹರಿಕಥೆ ಹಿಡಿಯುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸವಾಯಿತು. ಟಿವಿ ಬಂದಾಗ ಮೊದಲು ಆದದ್ದೂ ಇದೇ. ಚಿತ್ರ ಹಿಡಿಯಲಾಗದವರು ದನಿಯನ್ನಷ್ಟೇ ಹಿಡಿದರು. ಬ್ರಿಟನ್ನಿನಲ್ಲಿ ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಅರವತ್ತರ ದಶಕದ ಅನೇಕ ಕಂತುಗಳನ್ನು ಅಳಿಸಿಹಾಕಿತ್ತು. ಚಿತ್ರ ಕಳೆದುಹೋದ ಆ ಕಂತುಗಳ ದನಿ ಇವತ್ತು ಉಳಿದಿರುವುದು ಮನೆಯ ಟಿವಿ ಮುಂದೆ ರೆಕಾರ್ಡರ್ ಇಟ್ಟು ಕೂತಿದ್ದ ಅಭಿಮಾನಿಗಳಿಂದ.

ವಿಸಿಆರ್ ಬಂದ ಕಾಲ

ಕರ್ನಾಟಕದ ಹಳ್ಳಿಗರು ಟಿವಿ ಕಂಡದ್ದು ಮೊದಲು ಉತ್ತರ ಕರ್ನಾಟಕದ ಕಡೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಎಂಬತ್ತರ ದಶಕದ ನಡುವಿನಲ್ಲಿ ಮರುಪ್ರಸಾರ ಕೇಂದ್ರಗಳು ಹೆಚ್ಚಿದಂತೆ ನಮ್ಮ ಸೀಮೆಯ ಹೆಂಚುಗಳ ಮೇಲೂ ಆಂಟೆನಾ ಎದ್ದಿತು. 1986-87ರಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’, 1987ರ ಜನವರಿ 25ರಿಂದ ‘ರಾಮಾಯಣ’, 1988ರ ಅಕ್ಟೋಬರ್ 2ರಿಂದ ‘ಮಹಾಭಾರತ’ ಬಂದವು.

ತಂಬಾಕಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಅಪ್ಪ ಟಿವಿಯಲ್ಲಿ ಬಂದದ್ದನ್ನು ಮುದ್ರಿಸಿಕೊಳ್ಳುವ ವಿಸಿಆರ್ ತಂದ. ಊರಿನಲ್ಲಿ ಅದು ಯಾರ ಮನೆಯಲ್ಲಿತ್ತೋ ಆ ಮನೆಯೇ ಗ್ರಂಥಾಲಯ. ನೂರೆಂಬತ್ತು ನಿಮಿಷದ ಒಂದು ವಿಎಚ್‌ಎಸ್ ಕ್ಯಾಸೆಟ್ಟಿನೊಳಗೆ ಅರ್ಧ ಇಂಚು ಅಗಲದ ಸುಮಾರು 258 ಮೀಟರ್ ಟೇಪು. ಅದರ ಬೆನ್ನಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಟೇಪಿನ ಮೇಲೆ ಬೇರೆಯದು ಮುದ್ರಣವಾಗುವುದಿಲ್ಲ. ಮುರಿದ ಜಾಗಕ್ಕೆ ಗಮ್ ಟೇಪ್ ಅಂಟಿಸಿದರೆ ಮತ್ತೆ ಮುದ್ರಣವಾಗುತ್ತದೆ. ಖಾಲಿ ಕ್ಯಾಸೆಟ್ಟಿಗೆ ಕಾಸು ಕೊಡುವುದು ಕಷ್ಟವಾಗಿದ್ದ ಕಾಲದಲ್ಲಿ ಯಾವುದರ ಹಲ್ಲು ಮುರಿಯಬೇಕು, ಯಾವುದಕ್ಕೆ ಗಮ್ ಟೇಪ್ ಅಂಟಿಸಬೇಕು ಎಂಬುದೇ ದೊಡ್ಡ ತೀರ್ಮಾನ. ಏನು ಉಳಿಯಬೇಕು, ಏನು ಹೋಗಬಹುದು ಎಂದು ಪತ್ರಾಗಾರದ ಅಧಿಕಾರಿ ಯೋಚಿಸುವಂತೆಯೇ ಅವ್ವ ಯೋಚಿಸುತ್ತಿದ್ದಳು. ಕರೆಂಟು ಹೋಗಿಬಂದರೆ ವಿಸಿಆರಿನ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತಿತ್ತು, ಹೊತ್ತು ಹೊಂದಿಸಿಟ್ಟದ್ದೆಲ್ಲ ಹಾಳು. ಅದಕ್ಕೇ ಒಬ್ಬರು ಯಂತ್ರದ ಮುಂದೆ ಕೂತೇ ಇರಬೇಕಿತ್ತು.

ಇದೇ ಹೊತ್ತಿಗೆ ಟಿವಿ, ವಿಸಿಆರ್, ನಾಲ್ಕು ಕ್ಯಾಸೆಟ್ಟು ಸೇರಿಸಿ ರಾತ್ರಿಗಿಷ್ಟು ಎಂದು ಬಾಡಿಗೆಗೆ ಕೊಡುವ ವಿಡಿಯೊ ಅಂಗಡಿಗಳು ಹುಟ್ಟಿಕೊಂಡವು. ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊದವರು ಬಂದರು. ತೊಂಬತ್ತರ ದಶಕದಲ್ಲಿ ಕೇಬಲ್ ಆಪರೇಟರುಗಳು ಬಂದ ಮೇಲೆ ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಪೌರಾಣಿಕ ನಾಟಕಗಳ ವಿಡಿಯೊಗಳು ಸ್ಥಳೀಯ ಕೇಬಲ್‌ನಲ್ಲಿ ಓಡಿದವು. ಚುಂಚನಕಟ್ಟೆಯ ದನಗಳ ಜಾತ್ರೆ, ಬೆಟ್ಟದಪುರದ ತೇರು ಇಂಥವನ್ನು ಊರಿನವರು ತಮ್ಮದೇ ಮನೆಯ ಟಿವಿಯಲ್ಲಿ ನೋಡಿದ ಮೊದಲ ಅನುಭವ ಅದು. ನಾಡಿನ ಯಾವ ದೊಡ್ಡ ವಾಹಿನಿಯಲ್ಲೂ ಇಲ್ಲದ ಸಾಮಗ್ರಿ ಇದು. ಅಂಗಡಿ ಮುಚ್ಚಿದಾಗ, ಆಪರೇಟರು ಬೇರೆ ಉದ್ಯೋಗ ಹಿಡಿದಾಗ ಮೊದಲು ಮಣ್ಣುಪಾಲಾಗುವುದೂ ಇದೇ.

ಕೇಂದ್ರದಲ್ಲೂ ಉಳಿಯದ್ದು

ಪ್ರಸಾರ ಮಾಡಿದವರ ಬಳಿ ಎಲ್ಲ ಇದ್ದೇ ಇರುತ್ತದೆ ಎಂದು ನಾವು ನಂಬಿಕೊಂಡಿರುತ್ತೇವೆ. ಅದು ನಿಜವಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಸಾರವಾದದ್ದರ ಮೇಲೆ ಮತ್ತೊಂದನ್ನು ಮುದ್ರಿಸುವುದು ಜಗತ್ತಿನ ಬಹಳಷ್ಟು ಟಿವಿ ಕೇಂದ್ರಗಳ ರೂಢಿ. ದೂರದರ್ಶನದ ಆರಂಭದ ವರ್ಷಗಳದ್ದೂ ಬಹುಪಾಲು ಹೀಗೇ ಹೋಯಿತು.

ಪುಸ್ತಕಕ್ಕಾದರೆ ನಮ್ಮಲ್ಲಿ 1954ರ ಕಾಯ್ದೆಯೊಂದಿದೆ. ಪ್ರಕಟವಾದ ಪ್ರತಿ ಪುಸ್ತಕವನ್ನೂ ನಿಗದಿಯಾದ ಗ್ರಂಥಾಲಯಗಳಿಗೆ ಕಳಿಸಲೇಬೇಕು. ಟಿವಿ ಕಾರ್ಯಕ್ರಮಕ್ಕೆ ಅಂಥ ಕಟ್ಟುಪಾಡಿಲ್ಲ. ಫ್ರಾನ್ಸ್ 1992ರ ಕಾನೂನಿನಿಂದ ರೇಡಿಯೊ, ಟಿವಿ ಪ್ರಸಾರಗಳನ್ನೂ ಕಡ್ಡಾಯ ಸಂಗ್ರಹಕ್ಕೆ ಸೇರಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಎಂಬಾಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಗಲುರಾತ್ರಿ ಟಿವಿ ಸುದ್ದಿಯನ್ನು ಮನೆಯಲ್ಲೇ ಮುದ್ರಿಸಿಕೊಂಡರು. 2012ರಲ್ಲಿ ಅವರು ತೀರಿಕೊಂಡಾಗ ಸುಮಾರು 70 ಸಾವಿರ ಕ್ಯಾಸೆಟ್ಟುಗಳಿದ್ದವು. ಅವು ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯನ್ನು ಸೇರಿದವು. ಒಬ್ಬ ಮಹಿಳೆಯ ಪಟ್ಟು ಒಂದು ದೇಶದ ಸುದ್ದಿಯ ಚರಿತ್ರೆಯಾಯಿತು.

ಹಳೆಯದರ ಬೆಲೆ ನಮಗೂ ತಿಳಿದದ್ದು 2020ರಲ್ಲಿ. ಲಾಕ್‌ಡೌನಿನಿಂದ ಚಿತ್ರೀಕರಣ ನಿಂತಾಗ ವಾಹಿನಿಗಳು ಹಳೆಯ ಕಂತುಗಳನ್ನೇ ಹಾಕಬೇಕಾಯಿತು. ಮಾರ್ಚ್ 28ರಿಂದ ‘ರಾಮಾಯಣ’ ಮತ್ತೆ ಮನೆಮನೆಗೆ ಬಂತು. 1998ರಲ್ಲಿ ದೂರದರ್ಶನದಲ್ಲಿ ಬಂದಿದ್ದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಯೂಟ್ಯೂಬ್‌ನಲ್ಲಿ ಹೊಸ ತಲೆಮಾರಿಗೆ ಸಿಕ್ಕಿತು; 2022ರಲ್ಲಿ ‘ಮತ್ತೆ ಮಾಯಾಮೃಗ’ ತೆರೆಗೆ ಬಂತು. ಉಳಿದದ್ದರಿಂದ ಹೊಸದು ಹುಟ್ಟಿತು.

ಡಿಸ್ಕು, ಸೆಟ್‌ಟಾಪ್ ಬಾಕ್ಸು, ಮೊಬೈಲು

1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ವಾಹಿನಿಗಳು ಬಂದವು. ನೋಡುವುದು ಹೆಚ್ಚಿತು, ಇಟ್ಟುಕೊಳ್ಳುವುದು ಕಡಿಮೆಯಾಯಿತು. ‘ಗೃಹಭಂಗ’ದಂಥ ಧಾರಾವಾಹಿಯನ್ನೋ, ಎಸ್ಪಿಬಿಯವರ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನೋ, ಡಾ. ನಾ. ಸೋಮೇಶ್ವರ ಅವರು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯನ್ನೋ ಕಂಪ್ಯೂಟರಿಗೆ ಟಿವಿ ಟ್ಯೂನರ್ ಕಾರ್ಡ್ ಹಾಕಿ ಸಿ.ಡಿ.ಗೆ ಇಳಿಸಿಕೊಂಡವರು ಕೆಲವರಷ್ಟೇ. ಕೇಬಲ್ ಡಿಜಿಟಲೀಕರಣ 2013ರ ಹಂತದಲ್ಲಿ ಮೈಸೂರು ನಗರಕ್ಕೆ ಬಂತು, ಮುಂದಿನ ಹಂತಗಳಲ್ಲಿ ತಾಲ್ಲೂಕು ಕೇಂದ್ರಗಳಿಗೂ ಹಳ್ಳಿಗಳಿಗೂ ಹಬ್ಬಿತು. ಸೆಟ್‌ಟಾಪ್ ಬಾಕ್ಸಿನ ಮೆಮೊರಿಯಲ್ಲಿ ಮುದ್ರಿಸಿದ್ದು ಸಾಮಾನ್ಯವಾಗಿ ಆ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ. ಬಾಕ್ಸು ಕೆಟ್ಟರೆ ಅದೂ ಹೋಯಿತು. 2016ರಲ್ಲಿ ಜಪಾನಿನ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರವೇ ಇಲ್ಲದಾಯಿತು.

ಈಗಿನ ಸಂಗ್ರಹ ಮೊಬೈಲಿನಲ್ಲಿದೆ, ಅದರಲ್ಲೂ ಮನೆ ಕಟ್ಟುವವರ ಮೊಬೈಲಿನಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಹಳೆಯ ಮನೆ ರಿಪೇರಿಯನ್ನೇ ವಾರವಾರ ತೋರಿಸುವ ‘ದಿಸ್ ಓಲ್ಡ್ ಹೌಸ್’ 1979ರಲ್ಲಿ ಶುರುವಾಗಿ ಒಂದು ಪರಂಪರೆಯನ್ನೇ ಬೆಳೆಸಿತು. ಕನ್ನಡದ ಟಿವಿಯಲ್ಲಿ ಮನೆಯ ಮಾತೆಂದರೆ ಹೆಚ್ಚಾಗಿ ಬೆಳಗಿನ ವಾಸ್ತು ಕಾರ್ಯಕ್ರಮ. ಉಳಿದದ್ದೆಲ್ಲ ಯೂಟ್ಯೂಬಿಗೆ ಬಂತು: ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಬೆಡ್‌ರೂಮು, ತೊಟ್ಟಿ ಮನೆಯ ಹೊಸ ಅವತಾರ, ಹಳೆ ಮರ ಉಳಿಸಿಕೊಂಡು ಮಾಡಿದ ಬಾಗಿಲು. ಪಿರಿಯಾಪಟ್ಟಣದಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ನೆಂಟರೊಬ್ಬರು ಇಂಥ ವಿಡಿಯೊಗಳನ್ನು ಇಳಿಸಿಟ್ಟುಕೊಂಡು, ‘ಮೇಸ್ತ್ರೀ, ಜಗುಲಿ ಇದೇ ಥರ ಬರಲಿ’ ಎಂದು ತೋರಿಸುತ್ತಾರೆ. ಮನೆ ಮುಗಿದ ಮೇಲೆ ಮೊಬೈಲ್ ತುಂಬಿತೆಂದು ಅಳಿಸುತ್ತಾರೆ. ಯೂಟ್ಯೂಬಿನಲ್ಲಿರುವುದೂ ಹಾಕಿದವರು ತೆಗೆದರೆ ಹೋಯಿತು.

ಹಾಗೆ ನೋಡಿದರೆ ನಮ್ಮ ಹಳೆಯ ಧಾರಾವಾಹಿಗಳೂ ಮನೆಗಳ ದಾಖಲೆಯೇ. ‘ಮಾಲ್ಗುಡಿ ಡೇಸ್’ನಲ್ಲಿ ಆಗುಂಬೆಯ ದೊಡ್ಡಮನೆಯ ಕಂಬ, ತೊಟ್ಟಿಗಳಿವೆ. ನಮ್ಮ ಸೀಮೆಯ ಮದುವೆ ವಿಡಿಯೊಗಳಲ್ಲಿ ಈಗ ಇಲ್ಲದ ಹಜಾರಗಳು, ನಾಡಹೆಂಚಿನ ಸೂರುಗಳು ಇವೆ. ಮನೆ ಕೆಡವಿದವರಿಗೆ ಆ ಮನೆ ಮತ್ತೆ ಕಾಣುವುದು ಆ ಕ್ಯಾಸೆಟ್ಟಿನಲ್ಲೇ.

ಕಾನೂನು ಏನನ್ನುತ್ತದೆ

ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು ತಪ್ಪೇ ಎಂದು ಅಂಜುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ವಿಧಿ, ಮುದ್ರಿಸಿಕೊಂಡವರ ಖಾಸಗಿ ಬಳಕೆಗೆ, ಪ್ರಾಮಾಣಿಕ ಬೋಧನೆ ಹಾಗೂ ಸಂಶೋಧನೆಗೆ ಪ್ರಸಾರವನ್ನು ಮುದ್ರಿಸಿಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಪ್ರಸಾರಕರ ಹಕ್ಕಿನ ಅವಧಿ 25 ವರ್ಷ. ಕಾರ್ಯಕ್ರಮದ ಕೃತಿಸ್ವಾಮ್ಯ ಬೇರೆ, ಅದು ಇನ್ನೂ ದೀರ್ಘ. ಇಟ್ಟುಕೊಳ್ಳುವುದು ಒಂದು, ಮಾರುವುದು, ಎಲ್ಲರಿಗೂ ಹಂಚುವುದು ಇನ್ನೊಂದು. ಈ ಗೆರೆ ನೆನಪಿದ್ದರೆ ಅಂಜಿಕೆ ಬೇಡ.

ಉಳಿಸುವ ಕೆಲಸ

ಕಾಂತೀಯ ಟೇಪುಗಳನ್ನು 2025ರೊಳಗೆ ಡಿಜಿಟಲಿಗೆ ಇಳಿಸದಿದ್ದರೆ ಬಹುಪಾಲು ಕೈತಪ್ಪುತ್ತವೆ ಎಂದು ಜಗತ್ತಿನ ದೃಶ್ಯ-ಶ್ರವ್ಯ ಪತ್ರಾಗಾರಗಳು ಹತ್ತು ವರ್ಷದಿಂದ ಎಚ್ಚರಿಸುತ್ತ ಬಂದವು. ಕೊಡಗು, ವಯನಾಡಿನ ಮಗ್ಗುಲಿನ ಎಚ್.ಡಿ.ಕೋಟೆ, ಪಿರಿಯಾಪಟ್ಟಣಗಳ ಮಳೆಗಾಲದಲ್ಲಿ ಟೇಪಿನ ಅಂಟು ತೇವ ಹೀರುತ್ತದೆ, ಬಿಳಿ ಬೂಷ್ಟು ಹತ್ತುತ್ತದೆ. ಬೇಸಿಗೆಯಲ್ಲಿ ಹೆಂಚಿನಡಿಯ ಅಟ್ಟ ಕಾದು ಬೇಯುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಮೊದಲು ಒಣ ಜಾಗದಲ್ಲಿ ಕೆಲವು ದಿನ ನಿಲ್ಲಿಸಿಡಬೇಕು, ಮೃದು ಬಟ್ಟೆಯಿಂದ ಒರೆಸಬೇಕು, ಬೂಷ್ಟು ಹೋದ ಮೇಲಷ್ಟೇ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಬೇಕು. ಮಲಗಿಸದೆ ಪುಸ್ತಕದಂತೆ ನಿಲ್ಲಿಸಿ, ಸ್ಪೀಕರಿನಂಥ ಅಯಸ್ಕಾಂತದ ವಸ್ತುವಿನಿಂದ ದೂರ ಇಡಬೇಕು.

ಇಳಿಸಲು ಕೆಲಸ ಮಾಡುವ ಒಂದು ವಿಸಿಆರ್, ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಸಾಧನ ಸಾಕು. ಡಿವಿ (ಡಿಜಿಟಲ್ ವಿಡಿಯೊ) ಗುಣಮಟ್ಟದಲ್ಲಿ ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತದೆ. ನಮ್ಮ ಹನ್ನೊಂದು ಕ್ಯಾಸೆಟ್ಟು ಪೂರ್ತಿ ತುಂಬಿದ್ದರೂ ಸುಮಾರು 430 ಜಿಬಿ, ಒಂದು ಟಿಬಿಯ ಹಾರ್ಡ್‌ಡಿಸ್ಕಿನ ಅರ್ಧಕ್ಕಿಂತ ಕಡಿಮೆ. ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನದಲ್ಲಿಟ್ಟು, ಒಂದನ್ನು ಬೇರೆ ಊರಿನಲ್ಲಿಡಬೇಕು. ಅದಕ್ಕಿಂತ ಮುಖ್ಯ ಒಂದು ಪಟ್ಟಿ: ಯಾವ ಕಾರ್ಯಕ್ರಮ, ಯಾವ ತಾರೀಖು, ಯಾರ ಮನೆಯದು. ಪಟ್ಟಿಯಿಲ್ಲದ ಸಂಗ್ರಹ ಬೀಗದ ಕೈ ಕಳೆದ ಪೆಟ್ಟಿಗೆ.

ಈ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಬಲವಿದೆ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಅನುಭವ ಅದಕ್ಕಿದೆ. ಸರಗೂರಿನಲ್ಲಿ ‘ಜನಧ್ವನಿ’ ಸಮುದಾಯ ಬಾನುಲಿಯಿದೆ. ಬೈಲಕುಪ್ಪೆಯ ಟಿಬೆಟನ್ ಮಠಗಳಲ್ಲಿ ಗುರುಗಳ ಬೋಧನೆಯನ್ನು ಮುದ್ರಿಸಿ ಕಾಪಾಡುವ ಶ್ರದ್ಧೆಯನ್ನು ನಾವು ಪಕ್ಕದಲ್ಲೇ ಕಾಣುತ್ತೇವೆ. ತಾಲ್ಲೂಕು ಗ್ರಂಥಾಲಯಗಳು ಒಂದೊಂದು ಒಣ ಕಪಾಟು, ಒಂದು ವಿಸಿಆರ್, ಒಂದು ದಫ್ತರ ಇಟ್ಟರೆ ಆರಂಭಕ್ಕೆ ಅಷ್ಟು ಸಾಕು.

ಅವ್ವನ ಆ ಕ್ಯಾಸೆಟ್ಟನ್ನು ನಾನು ಇಳಿಸಿದೆ. ‘ರಾಮಾಯಣ’ ಎಲ್ಲ ಕಡೆ ಸಿಗುತ್ತದೆ, ಅದಕ್ಕಾಗಿ ಈ ಟೇಪು ಬೇಕಿರಲಿಲ್ಲ. ಆದರೆ ಕಂತು ಮುಗಿದ ಮೇಲೂ ಮುದ್ರಣ ಓಡಿತ್ತು. ಸೋಪಿನ ಜಾಹೀರಾತು, ‘ತಡೆಗಾಗಿ ಕ್ಷಮಿಸಿ’ ಎಂಬ ಫಲಕ, ಆಮೇಲೆ ಕರೆಂಟು ಹೋಗಿ ಚಿತ್ರ ಹರಿದು ಕಪ್ಪು. ಯಾವ ಕೇಂದ್ರವೂ ಉಳಿಸಬೇಕೆಂದು ಎಣಿಸದ ಈ ನಾಲ್ಕು ನಿಮಿಷ ಇರುವುದು ಇಲ್ಲಿ ಮಾತ್ರ. ಕ್ಯಾಸೆಟ್ಟಿನ ಬೆನ್ನಂಚನ್ನು ಬೆರಳಿನಿಂದ ಸವರಿ ನೋಡಿದೆ. ಹಲ್ಲು ಮುರಿದಿತ್ತು. ಮೇಲೆ ಗಮ್ ಟೇಪ್ ಅಂಟಿಸಿದ ಗುರುತಿರಲಿಲ್ಲ.