ಕವಳ ಚಟವಲ್ಲ

ಗಂಡಿನ ಬಗ್ಗೆ ವಿಚಾರಿಸಲು ಬಂದವರು ನೆರೆಮನೆಯ ಜಗಲಿಯಲ್ಲಿ ಕುಳಿತು, ಆಸರಿಗೆ ಕುಡಿದು, ತೋಟ ಎಷ್ಟೆಂದು ತಿಳಿದುಕೊಂಡ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಮಾಣಿಗೆ ಚಟ ಗಿಟ ಎಂತಾರೂ ಇದ್ದಾ?’ ಉತ್ತರವೂ ಸಿದ್ಧವಾಗಿರುತ್ತದೆ: ‘ಎಂತದೂ ಇಲ್ಲೆ. ಕವಳ ಒಂದು ಹಾಕ್ತ.’

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ‘ಚಟ’ ಎಂಬ ಪದದ ಬೇಲಿ ಎಲ್ಲಿದೆಯೆಂದು ಈ ಉತ್ತರವೇ ತೋರಿಸುತ್ತದೆ. ಕುಡಿತ ಬೇಲಿಯ ಆಚೆ, ಓಸಿ ಜೂಜೂ ಆಚೆ. ಎಲೆ, ಅಡಿಕೆ, ಸುಣ್ಣ, ಜತೆಗೊಂದು ಚೂರು ತಂಬಾಕು ಸೇರಿದ ಕವಳ ಮಾತ್ರ ಒಳಗಿನದು. ಇಸ್ಪೀಟು ಬೇಲಿಯ ಮೇಲೇ ಕುಳಿತಿದೆ. ಮದುವೆಮನೆಯ ಮಾಳಿಗೆಯಲ್ಲಿ ಆಡಿದರೆ ಹೊತ್ತು ಕಳೆಯುವುದು, ಪೇಟೆಯಲ್ಲಿ ಆಡಿದರೆ ಚಟ. ಎಲೆಗಳು ಎರಡೂ ಕಡೆ ಐವತ್ತೆರಡೇ.

ಕವಳಕ್ಕೆ ಈ ವಿನಾಯಿತಿ ಏಕೆಂದು ಊಹಿಸುವುದು ಕಷ್ಟವಲ್ಲ. ಅಂಗಳದಲ್ಲಿ ಒಣಗುವುದೇ ಅಡಿಕೆ. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಬೆಳೆದದ್ದೂ ಅದರ ಮೇಲೆಯೇ. ಈ ಮೂರು ತಾಲೂಕುಗಳ ಬೆಳೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆಯಿತು. ಅನ್ನ ಕೊಡುವುದನ್ನು ಚಟ ಎನ್ನಲು ನಾಲಿಗೆ ಹೊರಳದು. ಅಷ್ಟಕ್ಕೂ ಕವಳ ಎಂದರೆ ಮೂಲದಲ್ಲಿ ಅನ್ನದ ತುತ್ತು. ಈ ಸೀಮೆಯಲ್ಲಿ ಅದು ಎಲೆಯಡಿಕೆಯ ತುತ್ತಾಯಿತು.

ಹೊರಗಿನವರ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಬೆರೆತ ಕವಳವನ್ನು 1985ರಲ್ಲೇ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ಸೀಮೆಯಲ್ಲಿ ಇದನ್ನು ಒಪ್ಪದವರು ಬಹಳ ಮಂದಿ.

ಚಟ ಆಡುಮಾತು, ಅದರ ಶಿಷ್ಟ ಅಣ್ಣ ‘ವ್ಯಸನ’. ಶ್ರೇಯಸ್ಸಿನಿಂದ ದೂರ ಎಸೆಯುವುದೇ ವ್ಯಸನ ಎಂದು ಕೌಟಿಲ್ಯ ಬಿಡಿಸಿ ಹೇಳಿದ್ದಾನೆ. ಮನುಸ್ಮೃತಿಯ ಏಳನೆಯ ಅಧ್ಯಾಯ ರಾಜನಿಗೆ 18 ವ್ಯಸನಗಳನ್ನು ಎಣಿಸುತ್ತದೆ: ಕಾಮದಿಂದ ಹುಟ್ಟುವವು ಹತ್ತು, ಕ್ರೋಧದಿಂದ ಎಂಟು. ಬೇಟೆ, ಜೂಜು, ಮದ್ಯ ಇರುವುದು ಸರಿಯೇ. ಹಗಲುನಿದ್ದೆಯೂ ಇದೆ (ಮಲೆನಾಡಿನ ಮಳೆಗಾಲದಲ್ಲಿ ಯಾರು ಪಾರಾದಾರು?). ಹಾಡು, ಕುಣಿತ, ವಾದ್ಯ ಕೂಡ ಬಿಟ್ಟಿಲ್ಲ. ಅಂದರೆ ಯಕ್ಷಗಾನ ಒಂದೇ ರಾತ್ರಿಗೆ ಮೂರು ವ್ಯಸನ! ಈ ಕಡೆ ಅದಕ್ಕೆ ‘ಆಟದ ಹುಚ್ಚು’ ಎನ್ನುತ್ತಾರೆ. ಹೇಳುವಾಗ ದನಿಯಲ್ಲಿ ಮೆಚ್ಚುಗೆಯೇ ಹೆಚ್ಚು. ಶಿರಸಿ ತಾಲೂಕಿನ ಬನವಾಸಿಯನ್ನು 941ರ ಸುಮಾರಿಗೆ ಹೊಗಳಿದ ಪಂಪನೂ ಇವರ ಪಕ್ಷವೇ. ಗಾನ, ಗೋಷ್ಠಿಗಳಲ್ಲಿ ಸುಖ ಕಾಣುವವರೇ ನಿಜವಾದ ಮನುಷ್ಯರು ಎಂಬುದು ಅವನ ತೀರ್ಪು.

ವ್ಯಸನಕ್ಕೆ ಕನ್ನಡದಲ್ಲಿ ದುಃಖ, ಚಿಂತೆ ಎಂಬ ಅರ್ಥವೂ ಉಂಟು. ಮಗನಿಗೆ ಕುಡಿತದ ವ್ಯಸನ, ತಾಯಿಗೆ ಮಗನ ವ್ಯಸನ: ಕಾರಣಕ್ಕೂ ಪರಿಣಾಮಕ್ಕೂ ಒಂದೇ ಪದ ಸಾಕಾಗಿದೆ. ಇಷ್ಟು ಮಿತವ್ಯಯದ ಪದ ಇನ್ನೊಂದು ಸಿಗಲಿಕ್ಕಿಲ್ಲ.

‘ದುಶ್ಚಟ’ ಮಾತ್ರ ಭಾಷಣದ ವೇದಿಕೆಯ ಪದ. ಸಂಸ್ಕೃತದ ‘ದುಸ್’ ಅಂಟಿಸಿಕೊಂಡ ಮೇಲೆ ಒಳ್ಳೆಯ ಚಟವೂ ಇರಬೇಕಲ್ಲ? ಇದೆ, ‘ಓದುವ ಚಟ’ ಎಂದರೆ ಯಾರೂ ಬೈಗುಳವೆಂದು ತಿಳಿಯುವುದಿಲ್ಲ. ಕೆಟ್ಟ ಚಟಗಳನ್ನು ಭಿಕ್ಷೆ ಕೇಳಿದವರು ಇಳಕಲ್ಲಿನ ಮಹಾಂತ ಶಿವಯೋಗಿಗಳು. ಅವರ ‘ಮಹಾಂತ ಜೋಳಿಗೆ’ಗೆ ಜನ ಬೀಡಿ, ಗುಟ್ಕಾ ಹಾಕಿ ಬಿಡುವ ಮಾತು ಕೊಡುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಆ ಜೋಳಿಗೆಗೆ ಕವಳದ ಸಂಚಿ ಹಾಕಲು ಶಿರಸಿ ಸೀಮೆಯವರು ಎರಡು ಸಲ ಯೋಚಿಸಿಯಾರು. ಇನ್ನು ಮುಂದೆ ಜಗಲಿಯಲ್ಲಿ ಕುಳಿತು ವಿಚಾರಿಸುವವರು, ‘ಕವಳ ಒಂದು ಹಾಕ್ತ’ ಎಂಬ ಉತ್ತರ ಬಂದಾಗ ‘ದಿನಕ್ಕೆ ಎಷ್ಟು?’ ಎಂದೂ ಕೇಳಿಬಿಡಿ.